ಖಾರದ ಡ್ರಮ್ಮು

ಬ್ಯಾಡಗಿಯ ಆ ಓಣಿಗೆ ನೀರು ಕೊಡುತ್ತಿದ್ದ ಹಳೆಯ ಟ್ಯಾಂಕು ಗಿಲಾವು ಉದುರಿ, ಒಳಗಿನ ಕಬ್ಬಿಣ ತೋರಿಸುತ್ತ ನಿಂತಿತ್ತು. ಅದರ ಕೆಳಗೆ ಮಕ್ಕಳನ್ನು ಆಡಲು ಬಿಡುವುದನ್ನು ಜನ ಎಂದೋ ನಿಲ್ಲಿಸಿದ್ದರು. ಪಕ್ಕದಲ್ಲಿ ಹೊಸದು ಎದ್ದ ಮೇಲೆ, ಹಳೆಯದನ್ನು ಕೆಡವುತ್ತೇವೆ, ಮೂರು ದಿನ ನಲ್ಲಿ ಬರುವುದಿಲ್ಲ, ನೀರು ತುಂಬಿಟ್ಟುಕೊಳ್ಳಿ ಎಂದು ಆಟೋದ ಮೈಕು ಸಾರಿಹೋಯಿತು.

ಮೈಲವ್ವನ ಮನೆಯಲ್ಲಿ ನೀರು ತುಂಬುವ ಕೆಲಸ ಕಿರಿಮಗಳು ಸುಶ್ಮಿತಾಳದು. ಶಾಲೆ ಬಿಟ್ಟಂದಿನಿಂದ ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹುಡುಗಿ. ಮಾತು ಬಲು ಕಡಿಮೆ. ಅಕ್ಕ ಪ್ರಿಯಾಂಕಾ ಗಂಡನ ಊರು ಕುಪ್ಪೇಲೂರಿನಿಂದ ಹೆರಿಗೆಗೆ ಬಂದವಳು ಈಗ ಹಸಿ ಬಾಣಂತಿ. ಕೊಡಗಳು ಸಾಲುವುದಿಲ್ಲವೆಂದು ಸುಶ್ಮಿತಾ ಖಾರ ಕುಟ್ಟುವ ಗಿರಣಿಯಿಂದ ಖಾಲಿ ಡ್ರಮ್ಮೊಂದನ್ನು ಉರುಳಿಸಿಕೊಂಡು ಬಂದಳು. ಬೂದಿ ಹಾಕಿ ತಿಕ್ಕಿದಳು, ಬಿಸಿಲಿಗೆ ಬೋರಲು ಹಾಕಿದಳು, ಒಳಗೆ ಮೂಗಿಟ್ಟು ನೋಡಿದಳು. ಸುಗ್ಗಿಯಲ್ಲಿ ಆ ಊರಿನ ಗಾಳಿಯೇ ಘಾಟು. ಡ್ರಮ್ಮಿನ ಘಾಟು ಬೇರೆಯೆಂದು ಅವಳ ಮೂಗಿಗೆ ತಿಳಿಯಲೇ ಇಲ್ಲ. ನಲ್ಲಿ ನಿಲ್ಲುವ ಮೊದಲು ಅದನ್ನೂ ತುಂಬಿ ಮುಚ್ಚಿಟ್ಟಳು.

ಹಳೆಯ ಟ್ಯಾಂಕು ನೆಲಕ್ಕೆ ಬಿತ್ತು. ಹೊಸದಕ್ಕೆ ನೀರು ಏರಿಸಿದರೆ ಬುಡದಲ್ಲಿ ಸೋರಿತು. ಇನ್ನೆರಡು ದಿನವೆಂದರು. ಟ್ಯಾಂಕರು ಓಣಿಯೊಳಗೆ ಹಿಡಿಸದೆ ದೊಡ್ಡ ರಸ್ತೆಯಲ್ಲೇ ಖಾಲಿಯಾಗಿ ತಿರುಗಿತು. ಎದುರು ಮನೆಯ ಬೇನಜೀರ ಬಂದು ಒಂದು ಕೊಡ ನೀರು ಕೇಳಿದಳು. ಬಾಣಂತಿ ಇರುವ ಮನೆ, ಕೊಡಲಾಗದೆಂದು ಮೈಲವ್ವ ಒಳಗಿನಿಂದಲೇ ಹೇಳಿದಳು. ಬಾಗಿಲಲ್ಲಿದ್ದ ಸುಶ್ಮಿತಾ ನೆಲ ನೋಡುತ್ತ ನಿಂತಳು.

ಮರುದಿನ ಕೊಡಗಳ ನೀರು ತೀರಿತು. ಡ್ರಮ್ಮಿನ ಮುಚ್ಚಳ ತೆಗೆದು, ಮೊದಲ ನೀರನ್ನು ಕೂಸಿನ ಮೈ ತೊಳೆಯಲೆಂದು ಬೆಚ್ಚಗೆ ಮಾಡಿದರು. ಎರಡು ತಂಬಿಗೆ ಬೀಳುವುದರೊಳಗೆ ಕೂಸು ಉಸಿರು ಕಟ್ಟುವಂತೆ ಚೀರಿತು. ಮೈ ಕೆಂಪಗಾಯಿತು.

"ಮೆಣಸಿನಕಾಯಿ ಕೈಲೇ ಮುಟ್ಟೀಯೇನ ಕೂಸಿನ್ನ?" ಎಂದಳು ಪ್ರಿಯಾಂಕಾ.

ಸುಶ್ಮಿತಾ ಮುಟ್ಟಿರಲಿಲ್ಲ. ಕೆಲಸದಿಂದ ಬಂದರೆ ಕೈ ತೊಳೆಯಲು ನೀರಿಲ್ಲವೆಂದೇ ಅವಳು ಕೂಸಿನಿಂದ ದೂರ ಕೂರುತ್ತಿದ್ದಳು. ಡ್ರಮ್ಮಿನ ನೀರನ್ನು ಲೋಟದಲ್ಲೆತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುಟ್ಟಿತು.

"ಕೈ ಅಲ್ಲಕ್ಕ. ನೀರ."

ಮೈಲವ್ವ ತಾನೂ ರುಚಿ ನೋಡಿ ಉಗುಳಿದಳು. ಕುಡಿಯಲೂ ಅದೇ ನೀರು ಇದ್ದದ್ದು. ಬೆಳಗಿನಿಂದ ಬಾಣಂತಿ ಗುಟುಕು ನೀರು ಕುಡಿದಿರಲಿಲ್ಲ. ಎದೆಯಲ್ಲಿ ಹಾಲು ಇಳಿಯುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೂ ಕೂಸಿನ ಅಳು ನಿಲ್ಲಲಿಲ್ಲ.

ಸುಶ್ಮಿತಾ ಕೊಡ ಎತ್ತಿಕೊಂಡು ಟ್ಯಾಂಕಿನ ಕಡೆ ಓಡಿದಳು. ಹೊಸ ಟ್ಯಾಂಕು ತೊಳೆದ ನೀರು ಗಟಾರದ ತುಂಬ ಹರಿಯುತ್ತಿತ್ತು. ಕೊಡ ಬಗ್ಗಿಸಿದವಳನ್ನು ನೀರು ಬಿಡುವ ಭರಮಣ್ಣ ತಡೆದ. ಕೂಸಿನ ಮೈ ಉರಿಯುತ್ತಿದೆ ಎಂದಳು. ಬ್ಲೀಚಿಂಗ್ ಪುಡಿ ಸುರಿದ ನೀರದು. "ಇದನ್ನ ಹಾಕಿದ್ರ ಕೂಸಿನ ಮೈ ಇನ್ನಷ್ಟ ಉರೀತೈತವಾ" ಎಂದ. ಕುಡಿಯುವ ನೀರು ಯಾವಾಗ ಎಂದರೆ, ಸಂಜೆ ಬಿಟ್ಟು ನೋಡುತ್ತೇವೆ, ಖಾತ್ರಿಯಿಲ್ಲ ಎಂದು ಮೇಲೆ ನೋಡಿದ.

ಅವಳು ತುಂಬಿ ಹರಿಯುವ ಗಟಾರದ ಪಕ್ಕದಲ್ಲೇ ಖಾಲಿ ಕೊಡ ಹೊತ್ತು ತಿರುಗಿ ನಡೆದಳು. ಬೇನಜೀರಳ ತಮ್ಮ ಮುನಾಫ ಬೆಳಿಗ್ಗೆ ಯಾರದೋ ಹೊಲದ ಬೋರಿನಿಂದ ಒಂದು ಕ್ಯಾನು ನೀರು ತಂದದ್ದನ್ನು ಅವಳು ನೋಡಿದ್ದಳು. ಆ ಬಾಗಿಲಲ್ಲಿ ನಿಂತಳು. ಖಾಲಿ ಕೊಡ ಕೆಳಗಿಟ್ಟಳು.

"ನಿನ್ನೆ ನಾ ಕೇಳಿದಾಗ ನೆಲಾ ನೋಡಿದಿ," ಎಂದಳು ಬೇನಜೀರ. "ಈಗ ನಾನೂ ನೆಲಾ ನೋಡ್ಲೇನು?"

"ನೋಡಬ್ಯಾಡಕ್ಕ," ಎಂದಳು ಸುಶ್ಮಿತಾ. "ಡ್ರಮ್ಮಿನ ನೀರು ಖಾರಾಗೈತಿ. ನಾನ ತಂದ ಡ್ರಮ್ಮು. ಕೂಸಿನ ಮೈ ಉರಿಯಾಕತ್ತೈತಿ, ಅಕ್ಕ ಏನೂ ಕುಡದಿಲ್ಲ."

ಆ ಅಳು ಓಣಿಗೆಲ್ಲ ಕೇಳುತ್ತಿತ್ತು. ಬೇನಜೀರ ಕ್ಯಾನು ಅಲುಗಿಸಿ ನೋಡಿದಳು, ಒಳಗಿದ್ದ ತನ್ನ ಮಾವನ ಕಡೆ ನೋಡಿದಳು. ಆಮೇಲೆ ಎರಡು ತಂಬಿಗೆ ತುಂಬಿದಳು.

"ಒಂದು ಕೂಸಿಗೆ, ಒಂದು ತಾಯಿಗೆ. ಮತ್ತ ಬರಬ್ಯಾಡ. ಇದ್ದರ ಕೊಡತಿದ್ದೆ."

ಖಾರದ ಬೆರಳು ನೀರಿಗೆ ತಾಗೀತೆಂದು ಸುಶ್ಮಿತಾ ತಂಬಿಗೆಗಳನ್ನು ಓಢಣಿಯಿಂದ ಸುತ್ತಿ ಬುಡಕ್ಕೆ ಹಿಡಿದು ನಡೆದಳು. ಮೈ ತೊಳೆದ ಮೇಲೆ ಕೂಸು ಬಿಕ್ಕುತ್ತ ಬಿಕ್ಕುತ್ತ ಮಲಗಿತು. ಪ್ರಿಯಾಂಕಾ ತಂಬಿಗೆಯಲ್ಲಿ ಅರ್ಧ ಕುಡಿದು, ಉಳಿದದ್ದನ್ನು ತಲೆದಿಂಬಿನ ಬಳಿ ಮುಚ್ಚಿಟ್ಟುಕೊಂಡಳು. ಇನ್ನು ಮನೆಯಲ್ಲಿದ್ದ ನೀರು ಅಷ್ಟೇ.

ಸಂಜೆ ಸುಶ್ಮಿತಾ ನಲ್ಲಿಯನ್ನು ಪೂರ್ತಿ ತಿರುವಿ, ಕೆಳಗೆ ಕೊಡವಿಟ್ಟು ಕುಳಿತಳು. ನಲ್ಲಿಯ ಬಾಯಿಗೆ ಕಿವಿ ಹಚ್ಚಿದಳು. ಒಳಗೆ ಎಲ್ಲೋ ಗಾಳಿ ಸುಯ್ಯೆಂದಿತು, ನಿಂತಿತು. ಅವಳು ಕಿವಿ ತೆಗೆಯಲಿಲ್ಲ.