ಹಡಗಿನ ತಳದ ಉಕ್ಕಿನ ಕೋಣೆ

ಶಿರಾದ ಥಿಯೇಟರಿನಲ್ಲಿ ಆ ಭಾನುವಾರ ಮ್ಯಾಟಿನಿಗೆ ಜನ ಕಿಕ್ಕಿರಿದಿದ್ದರು. ಫಕ್ರುನ್ನೀಸಾಗೆ ಸಿನಿಮಾ ಹುಚ್ಚೇನೂ ಇರಲಿಲ್ಲ. ಹಡಗಿನ ಕತೆಯಂತೆ ಎಂದು ಕೇಳಿ, ರಜೆಗೆ ಬಂದಿದ್ದ ಮಗ ನದೀಮನನ್ನು ಅವಳೇ ಬಲವಂತ ಮಾಡಿ ಹೊರಡಿಸಿದ್ದಳು. ಅಪ್ಪ ಅಬ್ದುಲ್ ರಶೀದನ ವೆಲ್ಡಿಂಗ್ ಅಂಗಡಿಯಲ್ಲಿ ಟ್ರಾಕ್ಟರ್ ಟ್ರೇಲರುಗಳಿಗೆ ಬೆಸುಗೆ ಹಾಕುತ್ತ ಕೆಲಸ ಕಲಿತ ಹುಡುಗ ಈಗ ಸರಕು ಹಡಗಿನಲ್ಲಿ ಫಿಟ್ಟರ್. ಅವನು ಓಡಾಡುವ ಸಮುದ್ರವನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಪರದೆ ತುಂಬ ನೀರು ಎದ್ದು ಬಂದಾಗ ಅವಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅಷ್ಟು ದೊಡ್ಡ ಹಡಗೇ ಅದರ ಮೇಲೆ ತೆಂಗಿನ ಚಿಪ್ಪಿನಂತೆ ಏರಿಳಿಯುತ್ತಿತ್ತು. ಅಷ್ಟರಲ್ಲಿ ದೋಣಿಗಳಲ್ಲಿ ಬಂದ ಕಡಲ್ಗಳ್ಳರು ಕೊಕ್ಕೆಯ ಏಣಿ ಎಸೆದು ಮೇಲೆ ಹತ್ತತೊಡಗಿದರು.

“ನಮ್ಮ ಹಡಗನ್ನೂ ಹಿಂಗೇ ಹತ್ತಿದ್ರು,” ಎಂದ ನದೀಮ್, ತನಗೇ ಹೇಳಿಕೊಂಡಂತೆ.

ಅವಳು ತಿರುಗಿ ನೋಡಿದಳು. ಆಮೇಲೆ ಪರದೆಯ ಮೇಲೆ ನಾಯಕನೊಬ್ಬನೇ ಪೈಪುಗಳ ನಡುವೆ ತೆವಳಿ ಕಳ್ಳರನ್ನು ಹೊಡೆದುರುಳಿಸಿದ್ದು, ಜನ ಸಿಳ್ಳೆ ಹಾಕಿದ್ದು ಯಾವುದೂ ಅವಳ ತಲೆಗೆ ಹೋಗಲಿಲ್ಲ. ಇಂಟರ್ವಲ್ಲಿನಲ್ಲಿ ಎಲ್ಲರೂ ಟೀಗೆ ಎದ್ದರೆ ಅವಳು ಮಗನ ಕೈ ಬಿಡಲಿಲ್ಲ. ಹೋದ ವರ್ಷ ಫೋನ್ ಬರದಿದ್ದಾಗ ನೆಟ್‌ವರ್ಕ್ ಇರಲಿಲ್ಲ ಅಂದಿದ್ದೆಯಲ್ಲ, ಆಗಲೇನಾ ಇದು ಎಂದು ಕೇಳಿದಳು.

ನದೀಮ್ ಹೌದೆಂದು ತಲೆಯಾಡಿಸಿದ. ನಿಧಾನವಾಗಿ ಎಲ್ಲ ಹೇಳಿದ. ಕಳ್ಳರು ಹತ್ತುತ್ತಿದ್ದಂತೆ ಕ್ಯಾಪ್ಟನ್ ಎಲ್ಲರನ್ನೂ, ಇಂಥ ಹೊತ್ತಿಗೆ ಅಡಗಿಕೊಳ್ಳಲೆಂದೇ ಇದ್ದ, ಹಡಗಿನ ತಳದ ಉಕ್ಕಿನ ಕೋಣೆಗೆ ಇಳಿಸಿದ್ದರು. ಬಾಗಿಲು ಹಾಕಬೇಕು ಅನ್ನುವಾಗ ಅಡುಗೆಯ ರೊಸಾರಿಯೊ ಬಂದಿಲ್ಲವೆಂದು ಗೊತ್ತಾಯಿತು. ಗೋವಾದ ವಯಸ್ಸಾದ ಮನುಷ್ಯ. ಮೆಟ್ಟಿಲಲ್ಲಿ ಬಿದ್ದು ಕಾಲು ಮುರಿದುಕೊಂಡು ಕೂಗುತ್ತಿದ್ದರು. ನದೀಮ್ ಒಬ್ಬನೇ ಹೊರಗೆ ಹೋದ. ತಲೆಯ ಮೇಲಿನ ಅಂತಸ್ತಿನಲ್ಲಿ ಗುಂಡು ಹಾರುತ್ತಿತ್ತು. ಅವರನ್ನು ಬೆನ್ನ ಮೇಲೆ ಹೊತ್ತು, ಕಬ್ಬಿಣದ ಏಣಿ ಇಳಿದು ಒಳಗೆ ಬಂದ ಮೇಲೆಯೇ ಬಾಗಿಲು ಹಾಕಿದ್ದು. ನೌಕಾಪಡೆಯವರು ಬಂದು ಕಳ್ಳರನ್ನು ಹಿಡಿಯುವವರೆಗೆ ಎಲ್ಲರೂ ಆ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು.

“ಹೆದರಿಕೆ ಆಗ್ಲಿಲ್ವಾ ಬೇಟಾ?”

“ಆಯ್ತು ಅಮ್ಮೀ. ಆದ್ರೆ ಅವ್ರು ಕೂಗ್ತಿದ್ದಿದ್ದು ಕೇಳಿಸ್ತಿತ್ತಲ್ಲ, ಹೆಂಗೆ ಬಾಗಿಲು ಹಾಕ್ಲಿ?”

ಬೆಳಿಗ್ಗೆ ಚಾಯ್‌ಗೆ ಸಕ್ಕರೆ ಕಡಿಮೆ ಎಂದು ಮುಖ ಸೊಟ್ಟ ಮಾಡಿದ್ದವನೂ ಇವನೇ. ಫಕ್ರುನ್ನೀಸಾ ಅವನ ಹೆಗಲ ಮೇಲೆ ಕೈಯಿಟ್ಟಳು. ಅಷ್ಟು ಅಗಲವೇನೂ ಇರದ ಹೆಗಲು.

ಸಿನಿಮಾ ಬಿಟ್ಟು ಹೊರಬಂದೊಡನೆ, ಆ ಅಡುಗೆಯವರಿಗೆ ಫೋನ್ ಮಾಡು ಎಂದಳು. ನದೀಮ್ ವಿಡಿಯೊ ಕಾಲ್ ಮಾಡಿದ. ಊರುಗೋಲಿಗೆ ಒರಗಿದ್ದ ರೊಸಾರಿಯೊ ಅವಳನ್ನು ಕಂಡು ಕೈಮುಗಿದರು. ಒಳಗಿನವರನ್ನೆಲ್ಲ ಕೂಗಿ ಕರೆದರು. ಹೆಂಡತಿ ಬಂದರು, ಸೊಸೆ ಬಂದಳು, ಕಂಕುಳಲ್ಲಿ ಹಾಲುಗೂಸು. ನದೀಮನ ತಾಯಿ ಇವರೇ ಎಂದು ಆಕೆ ಹಿಂದಿಯಲ್ಲಿ ಮಗುವಿಗೆ ತೋರಿಸಿದಳು. ಅವರ ಬೆನ್ನ ಹಿಂದೆ, ತೆಂಗಿನ ಮರಗಳಾಚೆ, ಸಮುದ್ರ ಬಿಸಿಲಲ್ಲಿ ಹೊಳೆಯುತ್ತಿತ್ತು.

ರಸ್ತೆಯಲ್ಲಿ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಫಕ್ರುನ್ನೀಸಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗಿನಿಂದ ಅದಕ್ಕೆ ನೆರಳು ಮಾಡಿಕೊಂಡು, ಒಬ್ಬೊಬ್ಬರ ಮುಖವನ್ನೂ ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು.