ಎರಡು ಸಲ ಬರೆದ ಸಾಲು

"ಇವತ್ತೂ ಖಾಲಿ ಜಾಗ ಎಣಿಸೋದೇನಾ?" ಹೊಲಿಗೆ ಯಂತ್ರದ ಮುಂದಿನಿಂದಲೇ ಹೆಂಡತಿ ಕೇಳಿದಳು. ಅವಳದು ದರ್ಜಿ ಕೆಲಸ. ಒಂದು ನೂಲೆಳೆ ಹೊರಗೆ ಕಂಡರೂ ಬಿಡುವವಳಲ್ಲ. ನೀನೂ ಅಷ್ಟೇ ಅಲ್ವಾ ಅಂತ ತಿರುಗಿಸಿ ಹೇಳುವಷ್ಟು ತ್ರಾಣವೂ ನನಗಿರಲಿಲ್ಲ.

ಕಂಪ್ಯೂಟರಿನ ಬುಡದಲ್ಲಿ ಕೂತು ಎಲ್ಲವನ್ನೂ ಆಡಿಸುವ ಕರ್ನಲ್ ಎಂಬ ತಂತ್ರಾಂಶವನ್ನು ಎಲ್ಲೆಲ್ಲಿಯದೋ ಜನ ಸೇರಿ ಬರೆಯುತ್ತಾರೆ. ಅದರಲ್ಲಿ ಒಂದು ಮೂಲೆ ನನ್ನದು: ಶೀತಲ ಕೋಣೆಗಳ ಉಷ್ಣತೆ ಅಳೆಯುವ ಹಳೇ ಚಿಪ್ ಒಂದರಿಂದ ಅಳತೆ ಓದಿ ಕೊಡುವ ಪ್ರೋಗ್ರಾಂ, ಅಂದರೆ ಅದರ ಡ್ರೈವರ್. ಹನ್ನೊಂದು ವರ್ಷದ ಹಿಂದೆ ನಾನೇ ಬರೆದದ್ದು. ಅದಕ್ಕೆ ಬೇರೆಯವರು ಕಳಿಸುವ ತಿದ್ದುಪಡಿಗಳನ್ನು ನೋಡಿ ಸೇರಿಸುವವನೂ ನಾನೇ. ಈಗ ಬರುವುದೆಲ್ಲ ಇಷ್ಟೇ: ಇಲ್ಲಿ ಸ್ಪೇಸ್, ಅಂದರೆ ಖಾಲಿ ಜಾಗ, ಹೆಚ್ಚಾಗಿದೆ, ಅಲ್ಲಿ ಸಾಲಿನ ಮೊದಲಿಗೆ ಟ್ಯಾಬ್ ಇರಬೇಕಿತ್ತು. ನೋಡಿ ನೋಡಿ ಸಾಕಾಗಿಹೋಗಿದೆ.

ಹೋದ ತಿಂಗಳು ಯಾವುದೋ ಲೈಬ್ರರಿಯಲ್ಲಿ ಕೆಲಸ ಮಾಡುವ ಹೊಸಬಳೊಬ್ಬಳು ತನ್ನ ಮೊದಲ ತಿದ್ದುಪಡಿ ಕಳಿಸಿದಳು. ಸ್ಪೇಸ್, ಟ್ಯಾಬ್ ಸರಿಯಿಲ್ಲ ಅಂತ ಮೂರು ಸಲ ವಾಪಸ್ ಅಟ್ಟಿದೆ. ನಾಲ್ಕನೆಯದರಲ್ಲಿ ಎಲ್ಲ ಅಚ್ಚುಕಟ್ಟಾಗಿತ್ತು. ಸದ್ಯ, ಪೀಡೆ ತೊಲಗಿತು ಅಂತ ಸೇರಿಸಿಬಿಟ್ಟೆ. "ನನ್ನ ತಿದ್ದುಪಡಿ ಸೇರಿದ್ದನ್ನು ಅಮ್ಮನಿಗೂ ತೋರಿಸಿದೆ ಸರ್" ಅಂತ ಬರೆದಿದ್ದಳು.

ಅವತ್ತು ನಾವೆಲ್ಲ ಓದುವ ಇ-ಮೇಲ್ ಪಟ್ಟಿಗೆ ಔಷಧಿ ಗೋದಾಮಿನ ಮೇಲ್ವಿಚಾರಕನೊಬ್ಬನ ದೂರು ಬಂದಿತ್ತು. ಅಲ್ಲಿ ಗಂಟೆಗೊಮ್ಮೆ ಅಳೆಯುತ್ತಾರೆ. ಹೊಸ ಕರ್ನಲ್ ಹಾಕಿದ ಮೇಲೆ, ಕೋಣೆ ಬಿಸಿಯಾದರೂ ಪರದೆ ಹಿಂದಿನ ಗಂಟೆಯ ನಾಲ್ಕು ಡಿಗ್ರಿಯನ್ನೇ ತೋರಿಸಿತಂತೆ. ಎರಡು ಕಪಾಟು ಲಸಿಕೆ ಬಿಸಾಡಬೇಕಾಯಿತಂತೆ.

ಕೂಡಲೇ ಅವಳ ತಿದ್ದುಪಡಿ ತೆರೆದು ನೋಡಿದೆ. ಆ ಚಿಪ್ ಮೊದಲ ಸಲ ಕೇಳಿದಾಗ ಹಳೇ ಅಳತೆಯನ್ನೇ ಒಪ್ಪಿಸುತ್ತದೆ. ಎರಡನೇ ಸಲ ಕೇಳಿದರಷ್ಟೇ ಈಗಿನದನ್ನು ಹೇಳುತ್ತದೆ. ಅದಕ್ಕೇ ಅಳತೆ ಓದುವ ಸಾಲನ್ನು ಎರಡು ಸಲ ಬರೆದಿದ್ದೆ. ಯಾಕೆ ಅಂತ ಎಲ್ಲೂ ಬರೆದಿರಲಿಲ್ಲ. ಅವಳ ತಿದ್ದುಪಡಿಯಲ್ಲಿ ಒಂದು ಸಾಲು ಹೋಗಿತ್ತು. ಅವಳ ಮೊದಲ ಪತ್ರ ಹುಡುಕಿ ತೆಗೆದೆ: "ಈ ಸಾಲು ಎರಡು ಸಲ ಬಂದಿದೆ, ಒಂದನ್ನು ತೆಗೆಯಬಹುದಾ?" ಅದರ ಕೆಳಗೆ ನನ್ನ ಉತ್ತರ: "ಟ್ಯಾಬ್ ಹಾಕಿ."

ಅಷ್ಟರಲ್ಲಿ ಪಟ್ಟಿಯಲ್ಲಿ ನಾಲ್ಕು ಜನ ಅವಳ ಮೇಲೆ ಹರಿಹಾಯ್ದಿದ್ದರು. ಅವಳೂ ಬರೆದಿದ್ದಳು: "ತಪ್ಪಾಯ್ತು. ಇನ್ನು ಮುಂದೆ ಏನೂ ಕಳಿಸೋಲ್ಲ."

ನನಗೆ ನಾಚಿಕೆಯಾಯಿತು. ಸಾಲನ್ನು ವಾಪಸ್ ಹಾಕಿ, ಚಿಪ್‌ನ ಚಾಳಿಯನ್ನು ವಿವರಿಸಿ, ಎಲ್ಲರಿಗೂ ಕಾಣುವಂತೆ ಬರೆದೆ: "ಆಕೆ ಕೇಳಿದ್ದರು. ನಾನು ಓದಲಿಲ್ಲ. ತಪ್ಪು ನನ್ನದು. ಮೇಡಂ, ಯಾಕೆ ಎರಡು ಸಲ ಅನ್ನೋ ಟಿಪ್ಪಣಿಯನ್ನು ದಯವಿಟ್ಟು ನೀವೇ ಬರೆದು ಕಳಿಸಿ."

ಮೂರು ದಿನ ಸದ್ದಿಲ್ಲ. ಅವಳು ಹೋದಳು ಅಂದುಕೊಂಡೆ. ನಾನೂ ಇದನ್ನೆಲ್ಲ ಬಿಟ್ಟುಬಿಡೋಣ ಅನಿಸಿತು. ನಾಲ್ಕನೇ ಬೆಳಿಗ್ಗೆ ಟಿಪ್ಪಣಿ ಬಂತು. ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಹೆಚ್ಚಿಗೆ ಇತ್ತು. ನಾನೇ ಅಳಿಸಿದೆ. ಕೆಳಗೆ ಒಂದು ಪ್ರಶ್ನೆ: "ಎರಡನೇ ಸಲವೂ ಅದು ಹಳೇದನ್ನೇ ಹೇಳಿದರೆ ನಮಗೆ ಹೇಗೆ ಗೊತ್ತಾಗುತ್ತೆ ಸರ್?"

ಹನ್ನೊಂದು ವರ್ಷದಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ.

"ಎಣಿಸಿ ಆಯ್ತಾ?" ಹೆಂಡತಿ ಕೂಗಿದಳು.

"ತಡಿ," ಅಂದೆ. "ಇನ್ನೊಂದ್ಸಲ ಓದ್ತೀನಿ."