ಖಾಲಿ ಮೊಳೆ

ತೀರಿಸಿದ ಸಾಲದ ಮಾತನ್ನು ಮತ್ತೆ ಎತ್ತಬಾರದು ಎನ್ನುತ್ತಾರೆ. ಅದೂ ಇನ್ನೊಬ್ಬರದ್ದು. ತಪ್ಪಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಗಲ್ಫಿನ ನಗರವೊಂದರ ಎಲೆಕ್ಟ್ರಾ ಸ್ಟ್ರೀಟಿನಲ್ಲಿ, ಒಂದು ಕಟ್ಟಡದ ಮೂರನೇ ಮಹಡಿಯ ಆಫೀಸಿನಲ್ಲಿ ಕೋಕಿಲಾ ಕುರ್ಚಿಯ ತುದಿಯಲ್ಲಷ್ಟೇ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಕ್ರೆಡಿಟ್ ಕಾರ್ಡಿನ ಬಾಕಿ ತೀರಿದೆಯೆಂದು ಬ್ಯಾಂಕು ಆರು ವರ್ಷದ ಹಿಂದೆ ಕೊಟ್ಟ ಪತ್ರ. ಕೈಚೀಲದೊಳಗೆ ನಾಲ್ಕು ಸಾವಿರ ದಿರ್ಹಮ್. ದೂರದ ಮದೀನತ್ ಜಾಯೆದಿನ ಕೆಲಸದ ಕ್ಯಾಂಪಿನಿಂದ ಗಂಡ ಹರ್ಷಿತ್ ಫೋನಿನಲ್ಲಿ, "ಕೊಟ್ಟು ಬಿಡು ಮಾರಾಯ್ತಿ, ಖಲಾಸ್. ನಿನಗೆ ಊರಿಗೆ ಹೋಗುದು ಮುಖ್ಯ" ಅಂದಿದ್ದ.

"ಅಕ್ಕ, ಇದು ಕಾರ್ಡಿನದ್ದು," ಅಂದ ಮೇಜಿನಾಚೆಯ ರೋಷನ್, ಪತ್ರವನ್ನು ಪೂರ್ತಿ ಓದದೆ. ಬ್ಯಾಂಕಿನ ಸಾಲ ವಸೂಲಿಯವನೆಂದು ವಾರದಿಂದ ಫೋನು ಮಾಡುತ್ತಿದ್ದವನು ಇವನೇ. "ನಾನು ಹೇಳುದು ಲೋನಿನದ್ದು."

"ನಾನು ಲೋನು ತೆಗೊಳ್ಳಲೇ ಇಲ್ಲ."

ಅವನು ಮೊಬೈಲು ತಿರುಗಿಸಿ ತೋರಿಸಿದ. ಚೆಕ್ಕಿನ ಫೋಟೋ. ಕೆಳಗೆ ಅವಳದೇ ಸಹಿ. ಕಾರ್ಡು ಮಾಡಿಸುವಾಗ ಭದ್ರತೆಗೆಂದು ಎಲ್ಲರಂತೆ ಅವಳೂ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದಳು. ಕಾರ್ಡು ಮುಚ್ಚಿದ ದಿನ ಪತ್ರ ತಂದಳು, ಚೆಕ್ಕು ಕೇಳಲು ಮರೆತಳು. ಈಗ ಅದರಲ್ಲಿ ಎಂಟು ಸಾವಿರವೆಂದು ಯಾರೋ ತುಂಬಿದ್ದರು. ಲೋನು ನಿಜಕ್ಕೂ ತೆಗೆದುಕೊಂಡಿರಲಿಲ್ಲವೇ ಎಂದು ಒಂದು ಗಳಿಗೆ ಅವಳಿಗೇ ಅನುಮಾನವಾಯಿತು.

"ಅರ್ಧ ಕ್ಯಾಶ್ ಕೊಡಿ, ನಾನು ಮುಗಿಸ್ತೇನೆ. ನಮ್ಮೂರಿನವರಲ್ವಾ. ಚೆಕ್ಕಿನ ಕೇಸಾಗಿ ಶುಕ್ರವಾರ ಏರ್‌ಪೋರ್ಟಿನಲ್ಲಿ ನಿಮ್ಮನ್ನು ನಿಲ್ಲಿಸಿದ್ರೆ ಆಪರೇಷನ್ ದಿನ ಅಪ್ಪಿಯಮ್ಮನ ಹತ್ರ ಯಾರಿರ್ತಾರೆ?"

ಬ್ಯಾಂಕಿನ ಅರ್ಜಿಯಲ್ಲಿ ತಾಯಿಯ ಹೆಸರು ಪದ್ಮಾವತಿ. ಅಪ್ಪಿ ಎನ್ನುವುದು ಮನೆಯೊಳಗಿನ ಹೆಸರು. ಈ ದೇಶದಲ್ಲಿ ಆ ಹೆಸರು ಗೊತ್ತಿದ್ದದ್ದು ಹರ್ಷಿತ್‌ಗೆ. ಮತ್ತೆ, ಮದುವೆಗೆ ಮೊದಲು ಇದೇ ಬೀದಿಯಲ್ಲಿ ನಾಲ್ಕು ವರ್ಷ ಅವಳ ಜೊತೆ ಒಂದೇ ಕೋಣೆಯಲ್ಲಿದ್ದ ಶರ್ಮಿಳಾಗೆ.

ಕೈಚೀಲದ ಜಿಪ್ಪಿನ ಮೇಲೆ ಬೆರಳಿಟ್ಟವಳಿಗೆ ಕೆಳಗೆ ಅರ್ಜಿಗಳನ್ನು ಟೈಪು ಮಾಡಿಕೊಡುವ ಅಂಗಡಿಯ ಇದಿನಬ್ಬ ಹೇಳಿದ್ದು ನೆನಪಾಯಿತು: "ದುಡ್ಡು ತೆಗೆಯುವ ಮೊದಲು ಗೋಡೆ ನೋಡಿ ಮೇಡಂ. ಇಲ್ಲಿ ಚಾಯದಂಗಡಿಯವನೂ ಲೈಸೆನ್ಸಿಗೆ ಫ್ರೇಮು ಹಾಕಿ ತೂಗಿಸ್ತಾನೆ."

ಗೋಡೆಯಲ್ಲಿ ಒಂದು ಮೊಳೆಯಿತ್ತು. ಅದರ ಕೆಳಗೆ, ಯಾವುದೋ ಚೌಕಟ್ಟು ತೂಗಿದ್ದಲ್ಲಿ, ಬಣ್ಣ ಮಾಸದ ಒಂದು ಆಯತ.

"ನಿಮ್ಮ ಟ್ರೇಡ್ ಲೈಸೆನ್ಸ್ ಎಲ್ಲಿ?"

"ರಿನ್ಯೂವಲಿಗೆ ಹೋಗಿದೆ."

"ಬ್ಯಾಂಕು ನಿಮಗೆ ಕೊಟ್ಟ ಪತ್ರ?"

ಅವನು ನಕ್ಕ. "ನಿಮಗೆ ಪತ್ರದ ಹುಚ್ಚು ಅಕ್ಕ."

"ಹೌದು," ಅಂದಳು. "ಪತ್ರ ಕೊಡಿ, ರಶೀದಿ ಕೊಡಿ. ನಾಳೆಯೇ ಪೂರ್ತಿ ಕೊಡ್ತೇನೆ."

"ಆಯ್ತು. ಶುಕ್ರವಾರ ನೋಡುವ," ಅಂದ ಅವನು.

ಇದಿನಬ್ಬ ಬ್ಯಾಂಕಿಗೆ ದೂರು ಟೈಪು ಮಾಡಿಕೊಟ್ಟ, ಹಣ ತೆಗೆದುಕೊಳ್ಳಲಿಲ್ಲ. ಐದು ಕೆಲಸದ ದಿನಗಳಲ್ಲಿ ತಿಳಿಸುತ್ತೇವೆ ಎಂದು ಉತ್ತರ ಬಂತು. ವಿಮಾನಕ್ಕೆ ಇದ್ದದ್ದು ಮೂರೇ ದಿನ.

ಶುಕ್ರವಾರ ಬೆಳಿಗ್ಗೆ, ಮಾತು ಕೊಟ್ಟಂತೆ ಶರ್ಮಿಳಾಳೇ ಕಾರು ತಂದಳು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ತಿರುವುಗಳನ್ನು ದಾಟಿದ ಮೇಲೆ ಶರ್ಮಿಳಾ ಕೇಳಿದಳು:

"ಅಪ್ಪಿಯಮ್ಮನಿಗೆ ಯಾವ ಕಣ್ಣು ಮಾರಾಯ್ತಿ?"

"ಎಡದ್ದು."

"ನೀನ್ಯಾಕೆ ಬೆವರುದು? ಏಸಿ ಜಾಸ್ತಿ ಮಾಡ್ಲಾ?"

ಕೋಕಿಲಾ ಅವಳ ಕೈಗಳನ್ನು ನೋಡಿದಳು. ಟೈಫಾಯ್ಡ್ ಬಂದಾಗ ಗಂಜಿ ಕುಡಿಸಿದ ಕೈಗಳು. ರೋಷನ್ ಎಂಬವನು ಗೊತ್ತೇ ಎಂದು ಕೇಳಬೇಕೆಂದುಕೊಂಡಳು. ಕೇಳಿದರೆ ಹೌದು ಎಂದಾಳೆಂಬ ಭಯ. ಇಲ್ಲ ಎಂದರೆ ನಂಬಲಾರೆನೆಂಬ ಭಯ. ಇಳಿಯುವಾಗ "ಬರ್ತೇನೆ" ಅಂದಳು, ಅಷ್ಟೇ.

ಇಮಿಗ್ರೇಷನ್ ಗೇಟಿನಲ್ಲಿ ಕ್ಯಾಮೆರಾಕ್ಕೆ ಮುಖ ಕೊಟ್ಟು ನಿಂತಳು. ಗಾಜು ಅಲುಗಲಿಲ್ಲ. ಹಿಂದಿನವನು ಗಂಟಲು ಸರಿಮಾಡಿಕೊಂಡ. ಆಮೇಲೆ ಹಸಿರು ದೀಪ ಹೊತ್ತಿತು. ಗಾಜಿನ ರೆಕ್ಕೆಗಳು ಎರಡೂ ಬದಿಗೆ ಸರಿದವು. ಆಚೆ ಕಾಲಿಟ್ಟದ್ದೇ ಮೊಬೈಲು ನಡುಗಿತು. ಶರ್ಮಿಳಾ ಬರೆದಿದ್ದಳು: "ದಾಟಿದೆಯಾ?"

ಏರ್‌ಪೋರ್ಟಿಗೆ ಬಿಟ್ಟು ಹೋದವರೆಲ್ಲ ಕೇಳುವ ಮಾತೇ ಅದು. ಕೋಕಿಲಾ ನೋಡುತ್ತ ನಿಂತಳು, ಪರದೆ ತಾನಾಗಿ ಕಪ್ಪಾಗುವವರೆಗೆ.

ಅವಳ ಮೇಲೆ ಬಾಕಿಯಿಲ್ಲ, ಯಾರಿಗೂ ವಸೂಲಿ ಒಪ್ಪಿಸಿಲ್ಲ ಎಂದು ಬ್ಯಾಂಕು ಆಮೇಲೆ ಬರೆಯಿತು. ಚೆಕ್ಕು ಮಾತ್ರ ಸಿಗಲಿಲ್ಲ. ಅದು ಈಗ ಯಾರ ಕೈಯಲ್ಲಿದೆ, ಅಪ್ಪಿ ಎಂಬ ಹೆಸರು ಆ ಮೇಜಿಗೆ ಹೇಗೆ ಹೋಯಿತು, ಕೋಕಿಲಾಳಿಗೆ ಗೊತ್ತಿಲ್ಲ. ಇದನ್ನು ಹೇಳಿದವರಿಗೂ ಗೊತ್ತಿಲ್ಲ.